ಪರಾತದಲ್ಲೊಂದು ಸುನಾಮಿ

"ನೀರಿನ ದಂಡಿ ಮನಿಗೆ ನನ್ನ ಮೊಮ್ಮಗಳನ್ನ ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ," ಎಂದು ಗುರವ್ವ ಟೀವಿಯಿಂದ ಕಣ್ಣು ಕೀಳದೆಯೇ ಹೇಳಿದಳು. "ಇಲ್ಲಿ ನೋಡು, ಏನಾಗೇತಿ."

ಮಗ ದುಂಡಪ್ಪ ನೋಡಿದ. ಬೆಳಗಿನಿಂದ ಎಷ್ಟನೆಯ ಸಲವೋ, ಅದೇ ಸಮುದ್ರ ಅದೇ ತೆಂಗಿನ ಮರಗಳ ಮೇಲೆ ಏರಿ ಬರುತ್ತಿತ್ತು. ಸುನಾಮಿ ಬಂದು ಮೂರು ವಾರವಾಗಿ, ಸಂಕ್ರಾಂತಿಯೂ ಮುಗಿದು, ಯರಗಟ್ಟಿಯ ಮಂದಿಯೆಲ್ಲ ಕಡಲೆ ರಾಶಿಯ ಚಿಂತೆಗೆ ಬಿದ್ದಿದ್ದರು. ಆ ನೀರು ಇನ್ನೂ ಇಳಿಯದೆ ಉಳಿದದ್ದು ದುಂಡಪ್ಪನ ಪಡಸಾಲೆಯಲ್ಲಿ ಮಾತ್ರ. ಟೀವಿ ತಂದ ದಿನ 'ಕಂಡವರನ್ನೆಲ್ಲ ಮನೆಯೊಳಗೆ ಕುಣಿಸುತ್ತೀರೇನು' ಎಂದು ಜಗಳ ತೆಗೆದಿದ್ದ ಮುದುಕಿ ಈಗ ಊಟದ ತಾಟನ್ನೂ ಅದರ ಮುಂದೆಯೇ ತರಿಸಿಕೊಳ್ಳುತ್ತಿದ್ದಳು.

ರೈತರ ಕಾಳು ಮಾರಿಸಿಕೊಡುವ ತನ್ನ ಅಡತಿ ಅಂಗಡಿಯಲ್ಲಿ ಎಂಥೆಂಥವರನ್ನೋ ಮಾತಿನಲ್ಲಿ ಮಣಿಸುವ ದುಂಡಪ್ಪನಿಗೆ ತಾಯಿಯ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ. ಅವನ ಸಂಕಟವಾದರೂ ಸಣ್ಣದಲ್ಲ. ಒಬ್ಬನ ಮೀಸೆ ಸರಿಯಿಲ್ಲ, ಇನ್ನೊಬ್ಬ ಅವಲಕ್ಕಿ ತಿನ್ನುವಾಗ ಸಪ್ಪಳ ಮಾಡುತ್ತಾನೆ ಎಂದು ಬಂದ ವರಗಳನ್ನೆಲ್ಲ ತಿರುಗಿ ಕಳಿಸಿದ್ದ ಮಗಳು ವಿಜಯಾ, ಸವದತ್ತಿಯ ಹೈಸ್ಕೂಲು ಮಾಸ್ತರ ಗೌರೀಶ ಬಂದು ನೋಡಿಹೋದ ಮೇಲೆ ಏನೂ ಅನ್ನದೆ, ಭಾಂಡೆ ತಿಕ್ಕುತ್ತ ಹಾಡು ಗುನುಗಿದ್ದಳು. ಇದಕ್ಕಿಂತ ದೊಡ್ಡ ಒಪ್ಪಿಗೆ ಯಾವ ಅಪ್ಪನಿಗೆ ಬೇಕು? ಈ ಹುಡುಗ ಕೈತಪ್ಪಿದರೆ ಆಕೆ ಇನ್ನು ಯಾರಿಗೂ ಹೂಂ ಅನ್ನಲಾರಳು ಎಂಬ ಭಯ ಅವನಿಗೆ. ಹುಡುಗನ ಬಗ್ಗೆ ಮುದುಕಿಯ ತಕರಾರಿರಲಿಲ್ಲ. ತಕರಾರು ಅವನ ಮನೆಯದು. ಅದು ಸವದತ್ತಿಯ ಹೊರಗೆ, ಮಲಪ್ರಭೆಯ ಆಣೆಕಟ್ಟಿನ ಹಿನ್ನೀರಿನ ದಂಡೆಗಿತ್ತು.

"ಯವ್ವಾ, ಸಮುದ್ರ ಎಲ್ಲಿ, ಸವದತ್ತಿ ಎಲ್ಲಿ?"

"ಭೂಮಿ ನಡುಗಿದ್ದೆಲ್ಲಿ, ನೀರು ಬಂದದ್ದೆಲ್ಲಿ? ಯಾವದೋ ದೇಶದಾಗ ನೆಲ ಅಳ್ಳಾಡಿದ್ರ ಮದ್ರಾಸ್ ಕಡೆ ಮಂದಿ ಸತ್ರು. ಟೀವ್ಯಾಂವ ಸುಳ್ಳ ಹೇಳ್ತಾನೇನು?"

ಟೀವಿಯವನು ಸುಳ್ಳು ಹೇಳಿರಲಿಲ್ಲವಾದ್ದರಿಂದ ದುಂಡಪ್ಪ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟ.

ಸಂಬಂಧ ತಂದಿದ್ದ ಮಲಕಾಜಪ್ಪ ಈ ಸುದ್ದಿಯನ್ನು ಹೆದರುತ್ತಲೇ ಸವದತ್ತಿಗೆ ಮುಟ್ಟಿಸಿದ. ಗೌರೀಶ ಮಾಸ್ತರ ಸಿಟ್ಟಾಗಲಿಲ್ಲ. "ನಾನ ಬಂದು ತಿಳಿಸಿ ಹೇಳ್ತೇನಿ. ಎಂಟನೇತ್ತಿ ಸಾಲಿ ಹುಡುಗರಿಗೇ ತಿಳದೈತಿ," ಎಂದು ಹುರುಪಿನಿಂದ ರವಿವಾರ ಹೊರಟುಬಂದ. ಜೊತೆಗೆ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟ ಮಲಕಾಜಪ್ಪ.

ಬಂದವನೇ ಮಾಸ್ತರ ಎರಡು ಕಟಕ ರೊಟ್ಟಿ ಕೇಳಿದ. ಅಳಿಯನಾಗುವವನಿಗೆ ಹಸಿವಾಗಿದೆಯೆಂದು ದುಂಡಪ್ಪನ ಹೆಂಡತಿ ಅನ್ನಪೂರ್ಣಾ ಶೇಂಗಾ ಚಟ್ನಿ, ಮೊಸರು ಹಾಕಿ ತಾಟು ತಂದಿಟ್ಟಳು. ಅವನು ಚಟ್ನಿಯನ್ನು ಬದಿಗೆ ಸರಿಸಿ, ಒಂದು ರೊಟ್ಟಿಯ ಅಂಚನ್ನು ಇನ್ನೊಂದರ ಕೆಳಗೆ ತೂರಿಸಿದ.

"ಭೂಮಿ ಅಂದ್ರ ಒಂದ ಅಖಂಡ ಕಲ್ಲಲ್ರಿ, ಆಯಿ. ಹಿಂಗ ದೊಡ್ಡ ದೊಡ್ಡ ಹಾಸುಗಲ್ಲು. ಸಮುದ್ರದ ಬುಡಕ ಒಂದು ಇನ್ನೊಂದರ ಕೆಳಗ ಸರಕೋತ ಹೋಗತೈತಿ. ಮ್ಯಾಲಿಂದು ತಡಕೊಂತೈತಿ, ತಡಕೊಂತೈತಿ..." ರೊಟ್ಟಿ ಚಟ್ಟೆಂದು ಮುರಿಯಿತು. "ಇದ ಭೂಕಂಪ. ತಿಳೀತಿಲ್ಲೋ?"

"ತಿಳೀತ್ರಿ ಸರ," ಎಂದ ಮಲಕಾಜಪ್ಪ. ಅವನು ಸಾಲೆ ಬಿಟ್ಟು ನಲವತ್ತು ವರ್ಷವಾಗಿತ್ತು.

ಮುಂದಿನ ಪಾಠಕ್ಕೆ ಹಿಟ್ಟು ನಾದುವ ಪರಾತ ಬಂತು. ಮಾಸ್ತರ ಅದರ ತಳದಲ್ಲಿ ಸ್ಟೀಲಿನ ತಾಟೊಂದನ್ನು ಬೋರಲಿಟ್ಟು ನೀರು ತುಂಬಿದ. ಅಂಚಿನಾಚೆ ಶೇಂಗಾ ಉಂಡಿಗಳನ್ನು ಊರುಗಳೆಂದು ಸಾಲಾಗಿ ಕೂರಿಸಿದ. ತಾಟೆಂದರೆ ಸಮುದ್ರದ ತಳ, ಭೂಕಂಪದಲ್ಲಿ ಅದು ಮೇಲೆದ್ದು ತನ್ನ ಮೇಲಿನ ನೀರನ್ನೆಲ್ಲ ಎತ್ತಿ ಒಗೆಯುತ್ತದೆ ಎಂದು ವಿವರಿಸಿದ. ಮೆಲ್ಲಗೆ ಎತ್ತಿ ತೋರಿಸುವುದು ಅವನ ಲೆಕ್ಕಾಚಾರ. ಆದರೆ ತಾಟು ಪರಾತಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಎಳೆದ, ಬರಲಿಲ್ಲ. ಮತ್ತೊಮ್ಮೆ ಮಂಡಿ ಊರಿ ಎಳೆದಾಗ ಒಮ್ಮೆಗೇ ಕಿತ್ತುಬಂತು. ಪರಾತದ ನೀರೆಲ್ಲ ಎದ್ದು ಹೋಗಿ ಮಲಕಾಜಪ್ಪನ ತೊಡೆಯ ಮೇಲೆ ಕೂತಿತು. ಉಂಡಿಗಳು ಹೊಸ್ತಿಲ ತನಕ ಉರುಳಿದವು. ಅಡಿಗೆಮನೆಯಿಂದ ವಿಜಯಾಳ ನಗೆ ಕೇಳಿ, ಮಾಸ್ತರ ಸುನಾಮಿಯನ್ನು ಅಲ್ಲಿಗೇ ಮರೆತು ಆ ಬಾಗಿಲನ್ನೇ ನೋಡುತ್ತ ನಿಂತ.

"ಒಂದು ಪರಾತ ನೀರಾಗ ಇಷ್ಟಾತು," ಎಂದಳು ಗುರವ್ವ. "ನಿಮ್ಮ ಮನಿ ಮುಂದ ಎಷ್ಟು ನೀರೈತ್ರಿ ಮಾಸ್ತರ?"

ದುಂಡಪ್ಪ ಹಣೆ ಹಿಡಿದುಕೊಂಡ. ಮುಗಿಯಿತು, ಸಂಬಂಧ ಕೊಚ್ಚಿಕೊಂಡು ಹೋಯಿತು.

ಮಾಸ್ತರ ಬಿಡಲಿಲ್ಲ. "ಹಿನ್ನೀರಿನ ತಳದಾಗ ಅಂಥಾ ಹಾಸುಗಲ್ಲು ಸರಿಯಂಗಿಲ್ರಿ ಆಯಿ. ಇನ್ನ ಸಮುದ್ರದ ನೀರೂ ಕಾಯಂ ನಿಲ್ಲಂಗಿಲ್ಲ. ಒಮ್ಮೊಮ್ಮೆ ಮೊದಲ ಹಿಂದ ಸರೀತೈತಿ. ಏನಿದು ಅಂತ ಮಂದಿ ನೋಡಾಕ ಹೋಗ್ತಾರ, ಆವಾಗ ಒಂದರ ಹಿಂದ ಒಂದು ಏರಿ ಬರತೈತಿ. ಇದ್ದದ್ದೆಲ್ಲಾ ಬಳಕೊಂಡು ತಿರುಗಿ ಹೋಗತೈತಿ."

"ಹೋಗತೈತಿ. ಅದನ್ನ ನಾನೂ ನೋಡೇನಿ." ಗುರವ್ವನ ದನಿ ಒಮ್ಮೆಲೇ ಇಳಿಯಿತು. "ಟೀವ್ಯಾಗ ಒಬ್ಬಾಕಿ ಹೆಣ್ಮಗಳು ತನ್ನ ಮನಿ ಕಟ್ಟಿ ಮ್ಯಾಲೆ ಕುಂತು ಅಳತಿದ್ಲು. ಗ್ವಾಡಿ ಇಲ್ಲ, ಮಾಳಗಿ ಇಲ್ಲ, ಕಟ್ಟಿ ಐತಿ. ಕುಂತು ಅಳಾಕರ ಜಾಗಾ ಐತಿ ಆಕಿಗೆ. ನಮ್ಮ ಮ್ಯಾಲೆ ಬಂದ ನೀರು ತಿರುಗಿ ಹೋಗಲೇ ಇಲ್ಲ. ಮೊಮ್ಮಗಳನ್ನ ನೋಡಾಕ ಬಂದಾಗೆಲ್ಲಾ ನಾ ಆ ನೀರ ನೋಡಬೇಕೇನ್ರಿ?"

ಗುರವ್ವನ ತವರು ಬಸರೀಕೊಪ್ಪ. ಆಣೆಕಟ್ಟು ಕಟ್ಟಿದಾಗ ಅದು ನೀರಿನಡಿ ಹೋಗಿ ಮೂವತ್ತು ವರ್ಷದ ಮೇಲಾಗಿತ್ತು. ದುಂಡಪ್ಪನಿಗೆ ಇದು ಗೊತ್ತಿರದ ಸಂಗತಿಯೇನಲ್ಲ. ಅಜ್ಜನ ಮನೆಯ ಅಟ್ಟದಿಂದ ತಾನು ಬೆಲ್ಲ ಕದ್ದದ್ದೂ ನೆನಪಿತ್ತು. ಸೋದರಮಾವಂದಿರು ಪರಿಹಾರ ತೆಗೆದುಕೊಂಡು ಬೇರೆ ಊರು ಸೇರಿದಲ್ಲಿಗೆ ಅದು ಮುಗಿಯಿತೆಂದು ತಿಳಿದಿದ್ದ. ಸವದತ್ತಿಗೆ ಕರೆದಾಗಲೆಲ್ಲ ತಾಯಿ ಮೊಣಕಾಲು ನೋವೆಂದು ಯಾಕೆ ಹೇಳುತ್ತಿದ್ದಳೆಂದು ಒಮ್ಮೆಯೂ ಕೇಳಿರಲಿಲ್ಲ. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಯಾವೂರ್ರಿ ಆಯಿ, ನಮ್ಮ ಕಡೆ ಮುಳುಗಿದ ಬಸರೀಕೊಪ್ಪೇನು?" ಎಂದ ಗೌರೀಶ. ದನಿಯಲ್ಲಿ ಈಗ ಮಾಸ್ತರಿಕೆ ಇರಲಿಲ್ಲ. "ಊರ ಮುಂದ ಹಣಮಪ್ಪನ ಗುಡಿ?"

"ನೀ ಎಲ್ಲಿ ನೋಡಿದ್ಯೋ ತಮ್ಮಾ?"

"ಎರಡು ವರ್ಷದ ಹಿಂದ ಮಳಿ ಹೋಗಿತ್ತಲ್ರಿ, ಆವಾಗ ನಡಕೋತ ಹೋಗಿದ್ನಿ. ನಮ್ಮ ಹಿತ್ತಲದಿಂದ ಕೂಗಳತಿ ಅಷ್ಟ. ಮನಿಗಳ ಬುನಾದಿ ಹಂಗ ಅದಾವು. ಎಲ್ಲಾ ವರ್ಷ ಕಾಣಂಗಿಲ್ರಿ, ಸುಳ್ಳ್ಯಾಕ ಹೇಳ್ಲಿ. ಬ್ಯಾಸಗಿ ಕಡೀಕ ನೀರು ಪೂರಾ ಇಳದ್ರ ಕಾಣತಾವು."

ಗುರವ್ವ ಬಗ್ಗಿ ಒಂದು ಉಂಡಿಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು.

"ಮದುವಿ ಬ್ಯಾಸಗಿ ಕಡೀಕ ಇಡ್ರಿ. ನಿಮ್ಮ ಮನಿ ಮುಂದ."

"ಅಲ್ರಿ ಅಕ್ಕಾರ, ಆ ಬಿಸಿಲಾಗ ಬೀಗರೆಲ್ಲಾ ಬೇಯ್ತಾರ!" ಎಂದ ಮಲಕಾಜಪ್ಪ, ಧೋತರ ಹಿಂಡುತ್ತ.

"ಬೇಯ್ಲಿ."

ಆ ಬೇಸಿಗೆ ಇಡೀ ತಾಲ್ಲೂಕಿನಲ್ಲಿ ಮಳೆ ಬೇಡವೆಂದು ದೇವರಿಗೆ ಕೈಮುಗಿದವನು ದುಂಡಪ್ಪ ಒಬ್ಬನೇ. ಕಾಳು ಮಾರಲು ಬಂದ ರೈತರು ಮೋಡ ಕಂಡು ಖುಷಿಪಟ್ಟರೆ, ಇವನು ಮದುವೆ ಮುರಿಯಲು ಬಂದ ನೆಂಟನನ್ನು ನೋಡಿದಂತೆ ಆಕಾಶವನ್ನು ನೋಡುತ್ತಿದ್ದ. ಅಳಿಯನಿಗೆ ಫೋನು ಮಾಡಿದರೆ ಅಡಿಗೆಯವರು, ಬ್ಯಾಂಡಿನವರು ಏನಾದರೆಂದು ಕೇಳದೆ, "ನೀರು ಎಲ್ಲೀತನಕ ಇಳೀತ್ರಿ?" ಎಂದೇ ಕೇಳುತ್ತಿದ್ದ. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಜಗ್ಗಿ ಹೊಡೆದ ದಿನ ಊಟ ಬಿಟ್ಟು ಮಲಗಿದ.

ಮೇ ತಿಂಗಳಲ್ಲಿ ಮದುವೆಯಾಯಿತು. ಬೀಗರು ಮಲಕಾಜಪ್ಪ ಹೇಳಿದಂತೆಯೇ ಬೆಂದರು. ಅಕ್ಕಿಕಾಳು ಬಿದ್ದು, ಊಟದ ಪಂಕ್ತಿ ಕೂರುವ ಹೊತ್ತಿಗೆ ಗುರವ್ವ ಕಾಣಲಿಲ್ಲ. ದುಂಡಪ್ಪ ಹಂದರವನ್ನೆಲ್ಲ ಹುಡುಕಿ ಹಿತ್ತಲಿಗೆ ಬಂದ. ಮುಂದೆ ಒಣಗಿ ಸೀಳುಬಿಟ್ಟ ಎರೆನೆಲ, ದೂರದಲ್ಲಿ ಒಂದು ಹಸಿರು ಇಳಕಲ್ಲ ಸೀರೆ. ಅವನು ಬಿರುಕುಗಳನ್ನು ದಾಟುತ್ತ, ಎಡವುತ್ತ, ಏದುಸಿರು ಬಿಡುತ್ತ ಹೋದ.

ಗೇಣೆತ್ತರದ ಕಲ್ಲಿನ ಬುನಾದಿಯೊಂದರ ನಡುವೆ ಗುರವ್ವ ಕಾಲು ಚಾಚಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅಳುತ್ತಿರಬಹುದೆಂದು ಹೆದರಿದ್ದ. ಅಳುತ್ತಿರಲಿಲ್ಲ.

"ಯವ್ವಾ, ಊಟಕ್ಕ ಎಲ್ಲಾರೂ ನಿನ್ನ ದಾರಿ ಕಾಯಾಕ ಹತ್ಯಾರ."

ಗುರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾಗಲದಾಗ ನಿಂತು ಮಾತಾಡಬ್ಯಾಡ. ಒಳಗ ಬಾ."

ದುಂಡಪ್ಪ ತನ್ನ ಕಾಲ ಬುಡಕ್ಕೆ ನೋಡಿಕೊಂಡ. ಎರಡು ಕಲ್ಲಿನ ನಡುವೆ ಒಣಗಿದ ಕೆಸರು, ಅದರಲ್ಲೊಂದು ಬಿಳಿ ಚಿಪ್ಪು. ಅವನು ಚಪ್ಪಲಿ ಕಳಚಿ ಬದಿಗೆ ಜೋಡಿಸಿಟ್ಟು, ತಲೆ ತುಸು ಬಗ್ಗಿಸಿ, ಒಳಗೆ ಹೋದ.