ಎಕ್ಸ್‌ರೇ ಹಾಳೆಯ ಎಲೆಗಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಚುವ ಹೆಂಗಸು ಆ ತರಗತಿಗೆ ಸೇರಿದ್ದು ಕಲಿಯುವ ಆಸೆಗಲ್ಲ, ಕುರ್ಚಿಯ ಆಸೆಗೆ. ಅವಳದು ನಿಂತೇ ಮಾಡುವ ಬಾಳು. ಹಬೆಯ ನಡುವೆ ನಿಂತು ಹೊದಿಕೆ ಮಡಚಬೇಕು, ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಬರಬೇಕು, ಬಂದ ಮೇಲೆ ಒಲೆಯ ಮುಂದೆ, ಆಮೇಲೆ ಗಂಡನ ಮಂಚದ ಮುಂದೆ.

ಗಂಡ ಕ್ಷೌರದ ಅಂಗಡಿ ನಡೆಸುತ್ತಿದ್ದವನು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮೊದಲು ಕತ್ತರಿಗಿಂತ ಅವನ ನಾಲಿಗೆಯೇ ಜೋರಾಗಿ ಓಡುತ್ತಿತ್ತು. ಈಗ ಬಾಯಲ್ಲಿ ಉಳಿದಿದ್ದು 'ಆಯ್ತು' ಎಂಬ ಒಂದೇ ಮಾತು. ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು, ಬೇಡ ಅನ್ನುವುದಕ್ಕೂ ಆಯ್ತು. ಯಾವ ಆಯ್ತು ಯಾವುದಕ್ಕೆ ಎಂದು ಬಿಡಿಸಿಕೊಳ್ಳುವಷ್ಟರಲ್ಲಿ ಅವಳಿಗೆ ಸಾಕುಸಾಕಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಗಂಡನ ಅಕ್ಕ ಬರುತ್ತಿದ್ದಳು. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು, ಆದರೆ ಬಂದೇ ಬರುತ್ತಿದ್ದಳು.

"ಇವನ ಹತ್ರ ನಾನು ಕೂತಿರ್ತೀನಿ, ನೀನು ಎಲ್ಲಾದ್ರೂ ಹೋಗಿ ಬಾ. ಮುಖ ನೋಡ್ಕೋ, ಹಿಂಡಿದ ಬಟ್ಟೆ ಹಾಗಾಗಿದೆ."

ಹೋಗುವುದಾದರೂ ಎಲ್ಲಿಗೆ? ಸುಮ್ಮನೆ ಬೀದಿ ಸುತ್ತುವಾಗ ಗ್ರಂಥಾಲಯದ ಹಿಂದಿನ ಕೋಣೆಯ ಬಾಗಿಲಲ್ಲಿ 'ಕೈಯಚ್ಚು ಕಲಿಯಿರಿ' ಎಂಬ ಹಲಗೆ ಕಂಡಿತು. ಒಳಗೆ ಇಣುಕಿದಳು. ಬೆನ್ನಿಗೆ ಒರಗು ಇರುವ ಕುರ್ಚಿಗಳು. ಹೋಗಿ ಕೂತಳು.

ಕಲಿಸುವವರು ಹಿಂದೆ ಗೋಡೆ ಜಾಹೀರಾತು ಅಚ್ಚು ಹಾಕುತ್ತಿದ್ದ ಮುದುಕರು. ಎಲ್ಲರೂ ಅವರನ್ನು ಅಚ್ಚಿನ ತಾತ ಎನ್ನುತ್ತಿದ್ದರು. "ಇದಕ್ಕೆ ಯಂತ್ರಗಿಂತ್ರ ಏನೂ ಬೇಡ," ಎಂದರು. "ಹಾಳೇಲಿ ಚಿತ್ರ ಕೊರೆದು, ಆ ಕಿಂಡಿ ಮೇಲೆ ಬಣ್ಣ ಒತ್ತೋದು, ಅಷ್ಟೆ. ಒಂದು ಹಾಳೆ, ಬ್ಲೇಡು, ಸ್ಪಂಜಿನ ತುಂಡು, ಚೂರು ಬಣ್ಣ. ಇನ್ನು ತಾಳ್ಮೆ. ಅದನ್ನ ಮಾತ್ರ ಮನೆಯಿಂದ ತರಬೇಕು."

ಅವಳ ಮನೆಯಲ್ಲಿ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ಮೊದಲ ದಿನ ರಟ್ಟಿನಲ್ಲಿ ಹಿಡಿಯಿರುವ ಒಂದು ಲೋಟದ ಚಿತ್ರ ಕೊರೆದಳು. ಹಿಡಿಯ ಸುತ್ತ ಬ್ಲೇಡು ಆಡಿಸಿದ್ದೇ ತಡ, ಹಿಡಿಯ ನಡುವೆ ಉಳಿಯಬೇಕಿದ್ದ ಚೂರು ಟಪ್ಪನೆ ಕಳಚಿ ನೆಲಕ್ಕೆ ಬಿತ್ತು.

"ಎಲ್ರಿಗೂ ಮೊದಲು ಬೀಳೋದು ಅದೇ," ಎಂದು ತಾತ ನಕ್ಕರು. "ನಡುವಿನ ತುಂಡಿಗೂ ಅಂಚಿಗೂ ಒಂದು ಸೇತುವೆ ಬಿಡಬೇಕು ತಾಯಿ. ಎಲ್ಲಾ ಕಡೆ ಕತ್ತರಿಸಿದ್ರೆ ಅದು ಯಾರನ್ನ ಹಿಡ್ಕೊಂಡು ನಿಲ್ಲುತ್ತೆ?"

ರಟ್ಟು ಬಣ್ಣ ಕುಡಿದು ಬೇಗ ಮೆತ್ತಗಾಗುತ್ತಿತ್ತು. ಆಸ್ಪತ್ರೆಯಲ್ಲಿ ಬಿಸಾಡುವ ಹಳೆಯ ಎಕ್ಸ್‌ರೇ ಹಾಳೆಗಳು ನೆನಪಾಗಿ, ಕೇಳಿ ನಾಲ್ಕಾರು ತಂದಳು. ನೀರಿಗೆ ಬಗ್ಗದ, ಬ್ಲೇಡಿಗೆ ಒಗ್ಗುವ ಹಾಳೆ. ತಾತನಿಗೆ ಖುಷಿಯೋ ಖುಷಿ. ಯಾರದೋ ಎದೆಗೂಡಿನ ಮೇಲೆ ಅವಳು ಎಲೆ ಕೊರೆದಳು. ನಡುವಿನ ನರವನ್ನು ಸೇತುವೆಯಾಗಿ ಬಿಟ್ಟಳು. ಹಾಳೆಯನ್ನು ಕಾಗದದ ಮೇಲಿಟ್ಟು, ಸ್ಪಂಜನ್ನು ನೀಲಿ ಬಣ್ಣದಲ್ಲಿ ಅದ್ದಿ ಒತ್ತಿ, ಎತ್ತಿದಳು. ಎಲೆ ಬಂದಿತ್ತು. ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಎಲೆಯೇ. ಅದನ್ನು ನೋಡುತ್ತ ನೋಡುತ್ತ ಮೇಜಿನ ಮೇಲೆ ತಲೆಯಿಟ್ಟವಳಿಗೆ ಯಾವಾಗ ಕಣ್ಣು ಹತ್ತಿತೋ ಗೊತ್ತಾಗಲಿಲ್ಲ. ಯಾರೂ ಎಬ್ಬಿಸಲಿಲ್ಲ. ಕೊನೆಗೆ ಬೀಗದ ಸದ್ದಿಗೆ ಎದ್ದು, ಗಡಿಬಿಡಿಯಲ್ಲಿ ಹಾಳೆ, ಸ್ಪಂಜು, ಬಣ್ಣವನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಓಡಿದಳು.

ಬಾಗಿಲು ತೆರೆದ ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಂಚದ ಮೇಲಿದ್ದ ಗಂಡ ಅವಳನ್ನೇ ದಿಟ್ಟಿಸಿ, ಅರ್ಧ ಮುಖ ಮಾತ್ರ ಮೇಲೆದ್ದು, ಗೊರಗೊರ ಸದ್ದು ಮಾಡಿದ. ಉಸಿರು ಸಿಕ್ಕಿಕೊಂಡಿತೇನೋ ಎಂದು ಅವಳು ಮಂಚದತ್ತ ಧಾವಿಸಿದಳು. ಹತ್ತಿರ ಹೋದಾಗ ತಿಳಿಯಿತು, ಅವನು ನಗುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ.

"ಕನ್ನಡಿ ನೋಡ್ಕೋ ಹೋಗೇ," ಎಂದಳು ಅತ್ತಿಗೆ.

ಕೆನ್ನೆಯ ತುಂಬ ನೀಲಿ ಎಲೆ. ದಾರಿಯಲ್ಲಿ ಸಿಕ್ಕವರೆಲ್ಲ ಅದಕ್ಕೇ ಅವಳನ್ನು ನೋಡುತ್ತಿದ್ದರು. ನಾಚಿಕೆಯೂ ಆಯಿತು, ಅಳುವೂ ಬಂತು.

ಗಂಡ ಎಡಗೈ ಚಾಚಿ ಅವಳ ಚೀಲವನ್ನು ಜಗ್ಗಿದ. "ಆಯ್ತು, ಆಯ್ತು." ಬೇಕು ಎಂಬ ಆಯ್ತು ಅದು. ಮಂಚದ ಮೇಲೆ ಹಲಗೆ ಇಟ್ಟು ಕಾಗದ ಹಾಸಿ, ಸ್ಪಂಜನ್ನು ಅವನ ಕೈಗೆ ಕೊಟ್ಟಳು. ಅವನು ಬಣ್ಣವನ್ನೆಲ್ಲ ಹೀರಿಸಿ ಒತ್ತಿದ. ಅದು ಹಾಳೆಯಡಿ ನುಗ್ಗಿ ಎಲೆ ಕೆಸರಾಯಿತು, ಹೊದಿಕೆಯೂ ಕೆಟ್ಟಿತು.

"ಆಸ್ಪತ್ರೆ ಹೊದಿಕೆಗಳು ಸಾಲದಾ ನಂಗೆ?" ಎಂದು ರೇಗಿದಳು.

ಅವನು ಅವಳತ್ತ ನೋಡಲಿಲ್ಲ. ಸ್ಪಂಜನ್ನು ಹಳೆ ಬಟ್ಟೆಗೆ ಒರೆಸಿದ. ಆಮೇಲೆ, ಕ್ಷೌರ ಮುಗಿದ ಮೇಲೆ ಗಿರಾಕಿಯ ಕತ್ತಿಗೆ ಪೌಡರ್ ಹಚ್ಚುತ್ತಿದ್ದನಲ್ಲ, ಹಾಗೆ ಹಗುರವಾಗಿ ಪಟಪಟ ತಟ್ಟಿದ. ತಟ್ಟಿದ್ದು ಎಡಗೈಯಲ್ಲಿ. ಆದರೂ ಬಣ್ಣ ಕೊರೆದ ಅಂಚು ದಾಟಲಿಲ್ಲ. ಎತ್ತಿದಾಗ ಎಲೆ ಅವಳದಕ್ಕಿಂತ ಚೊಕ್ಕಟವಾಗಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅವನಿಗೆ ಅದೇ ಗೀಳಾಯಿತು. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಚಮಚದಿಂದ ಮಂಚದ ಕಂಬಿ ಬಡಿಯುತ್ತಿದ್ದ. ಹೊಸ ಎಲೆ ಬೇಕು, ಹೂ ಬೇಕು, ಕತ್ತರಿಸಿ ಕೊಡು. ವಾರಕ್ಕೊಮ್ಮೆ ಸಿಗುತ್ತಿದ್ದ ಬಿಡುವೂ ಇನ್ನೊಂದು ಚಾಕರಿಯಾಯಿತು. ಬ್ಲೇಡು ಹಿಡಿದ ಬೆರಳು ಊದಿಕೊಂಡಿತು. ಒಂದು ಶನಿವಾರ ಅತ್ತಿಗೆಯ ಎದುರಿಗೇ ಅವಳು ಹಾಳೆಯನ್ನು ಎಸೆದಳು.

"ನಾನು ಅಲ್ಲಿಗೆ ಹೋಗ್ತಿದ್ದದ್ದು ಕಲಿಯೋಕಲ್ಲ, ಕೂತ್ಕೊಳ್ಳೋಕೆ! ನಂಗೆ ಸುಸ್ತಾಗಿದೆ. ಇವತ್ತಿನ ಸುಸ್ತಲ್ಲ ಇದು. ಯಾರಿಗೂ ಕಾಣಲ್ವಾ?"

ಗಂಡ ಚಮಚವನ್ನು ದಿಂಬಿನಡಿ ಸರಿಸಿದ. ಅತ್ತಿಗೆ ನೆಲಕ್ಕೆ ಬಿದ್ದ ಹಾಳೆಯನ್ನು ಎತ್ತಿಕೊಂಡು, "ಹೋಗಿ ಒಳಗೆ ಮಲಗು," ಎಂದಳು. "ಇದನ್ನ ಹಿಡ್ಕೊಳ್ಳೋದೇನು ಮಹಾ ವಿದ್ಯೆನಾ? ನಾನು ಹಿಡ್ಕೋತೀನಿ."

ಅವಳು ಒಳಕೋಣೆಯ ಚಾಪೆಯ ಮೇಲೆ ಬಿದ್ದುಕೊಂಡಳು. ಕನಸೂ ಬೀಳದಂಥ ನಿದ್ದೆ. ಎದ್ದಾಗ ಬಿಸಿಲು ಕಿಟಕಿ ದಾಟಿ ಹೋಗಿತ್ತು. ಹೊರಗೆ ಬಂದು ನೋಡಿದರೆ ಮಂಚದ ಪಕ್ಕದ ಗೋಡೆಯ ಮೇಲೆ, ಅವನ ಎಡಗೈ ಎಟುಕುವಷ್ಟು ಎತ್ತರಕ್ಕೆ, ಸಾಲಾಗಿ ನೀಲಿ ಎಲೆಗಳು. ಕೆಲವು ನೆಟ್ಟಗೆ, ಕೆಲವು ಸೊಟ್ಟ. ಅತ್ತಿಗೆಯ ಬೆರಳೆಲ್ಲ ನೀಲಿ.

"ಬಾಡಿಗೆ ಮನೆ ಕಣಕ್ಕಾ ಇದು," ಎಂದಳು ಅವಳು.

"ಗೊತ್ತು. ಕಾಗದ ಮುಗಿದುಹೋಯ್ತು, ಇವನು ಕೇಳ್ಬೇಕಲ್ಲ."

ಒರೆಸುವ ಬಟ್ಟೆ ತಂದು ತುದಿಯ ಒಂದು ಎಲೆಯನ್ನು ಉಜ್ಜಿದಳು. ಅರ್ಧ ಹೋಯಿತು. ಮಿಕ್ಕಿದ್ದನ್ನು ಉಜ್ಜಲು ತೋಳಿಗೆ ಮನಸ್ಸಾಗಲಿಲ್ಲ. ಬಟ್ಟೆಯನ್ನು ಬದಿಗೆ ಎಸೆದು ಗಂಡನ ಕಾಲ ಬಳಿ ಮಂಚದ ಮೇಲೆ ಕೂತಳು. ಅವನು ಒಳ್ಳೆಯ ಕಾಲನ್ನು ಮಡಚಿ ಜಾಗ ಮಾಡಿಕೊಟ್ಟ.

"ಅಕ್ಕಾ, ನಾಳೇನೂ ಬರ್ತೀರಾ?"

ಇಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಅತ್ತಿಗೆ ಕೈ ತೊಳೆಯುತ್ತ, "ನಾಳೆ ಏನಿದೆ?" ಎಂದಳು.

"ಏನೂ ಇಲ್ಲ. ಇನ್ನೊಂದಿಷ್ಟು ಮಲಗ್ಬೇಕು."

ಅತ್ತಿಗೆ ಗೊಣಗಿದಳು, ತನಗೂ ಮನೆ, ಸಂಸಾರ ಇಲ್ಲವೇ ಎಂದಳು. ಮರುದಿನ ಊಟ ಮುಗಿಸಿ, ಕಂಕುಳಲ್ಲಿ ಹಳೆಯ ಪೇಪರಿನ ಕಟ್ಟು ಇರುಕಿಕೊಂಡು ಬಂದಳು.