ಮುಟ್ಟು ಬಂದಿಲ್ಲ, ಇನ್ನೇನು ಭಯ?

ಇಸ್ತ್ರಿ ಪೆಟ್ಟಿಗೆಯ ಹಬೆ ಮುಖಕ್ಕೆ ಹೊಡೆದದ್ದೇ ತಡ, ಅವಳಿಗೆ ಹೊಟ್ಟೆ ತೊಳಸಿ ಬಂತು. ಅಂಗಡಿಯ ಹಿಂದಕ್ಕೆ ಓಡಿದಳು. ಬಾಯಿ ತೊಳೆದು ತಿರುಗಿದರೆ, ಬಟ್ಟೆ ಮಡಚುವ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಏನೇ, ಮತ್ತೆ ಬಸಿರಾ?"

"ಬಿಡ್ತು ಅನ್ನಕ್ಕ! ಮಗು ಇನ್ನೂ ಹಾಲು ಕುಡೀತಿದೆ. ಹೆರಿಗೆ ಆದ್ಮೇಲೆ ಮುಟ್ಟೇ ಬಂದಿಲ್ಲ. ಬಸಿರು ಹೇಗಾಗುತ್ತೆ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ನನ್ನ ಎರಡನೇದು ಹುಟ್ಟಿದ್ದೇ ಹಾಗೆ."

ಅವಳು ಹೆದರಿದಳು. ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿ, ಬದುಕಿ ಬಂದದ್ದೇ ಹೆಚ್ಚು ಎನ್ನುವಂತಾಗಿತ್ತು. ಕನಿಷ್ಠ ಎರಡು ವರ್ಷ ಇನ್ನೊಂದು ಮಗು ಬೇಡ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಆ ಮಧ್ಯಾಹ್ನ ಯಾರದೋ ಅಂಗಿಯ ಕಾಲರು ಸುಟ್ಟುಹೋಯಿತು.

ಗಂಡ ಬಸ್ ಮೆಕ್ಯಾನಿಕ್. ಸಂಜೆ ವಿಷಯ ಕೇಳಿ, ಕೈಯ ಗ್ರೀಸು ತೊಳೆಯುತ್ತಾ ನಕ್ಕುಬಿಟ್ಟ. "ಹಾಲು ಕುಡಿಸೋವರೆಗೂ ಏನೂ ಆಗಲ್ಲ ಅಂತ ಅಮ್ಮನೇ ಹೇಳಿಲ್ವಾ? ಮೇಲಾಗಿ ನಾನೂ ಹುಷಾರಾಗಿರ್ತೀನಿ. ಸುಮ್ನೆ ತಲೆ ಕೆಡಿಸ್ಕೋಬೇಡ."

"ಹೆರೋಳು ನಾನು. ನಾಳೆ ಆಸ್ಪತ್ರೆಗೆ ಬರ್ತೀಯೋ ಇಲ್ವೋ?"

ಬಂದ. ಆದರೆ ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತ. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದರೆ ಬಸಿರು ಎಂದಿದ್ದಳು ನರ್ಸ್. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಒಂದೇ ಗೆರೆ ಮೂಡಿತು.

"ಈಗ ಇಲ್ಲ ಅಂತ ತೋರಿಸ್ತಿದೆ. ವಾಂತಿ ಬಿಸಿಗೋ ಹಸಿವಿಗೋ ಆಗಿರಬಹುದು. ಆದ್ರೆ ಮೊನ್ನೆ ಮೊನ್ನೆ ಕೂಡಿದ್ರೆ ಇಷ್ಟು ಬೇಗ ಗೊತ್ತಾಗಲ್ಲ. ಮೂರು ವಾರ ಬಿಟ್ಟು ಮತ್ತೆ ನೋಡ್ಬೇಕು. ಯಜಮಾನ್ರು ಎಲ್ಲಿ? ಕರೀರಿ."

ಅವನು ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಹೆಂಗಸಿನ ಅಂಡಾಶಯದಿಂದ ತಿಂಗಳಿಗೊಂದು ಅಂಡಾಣು ಹೊರಗೆ ಬರುತ್ತೆ," ಎಂದಳು ನರ್ಸ್. "ಅದಕ್ಕೆ ಗಂಡಸಿನ ವೀರ್ಯಾಣು ಸೇರಿದ್ರೆ ಬಸಿರು. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು. ಎರಡೂ ಸೇರದೆ ಹೋದ್ರೆ, ಸುಮಾರು ಎರಡು ವಾರಕ್ಕೆ ಮುಟ್ಟು. ಹೆರಿಗೆ ಆದ್ಮೇಲೂ ಅಷ್ಟೇ, ಮೊದಲು ಅಂಡಾಣು, ಆಮೇಲೆ ಮುಟ್ಟು. ಮುಟ್ಟು ಬರಲಿ ಅಂತ ಕಾಯ್ತಾ ಕೂತ್ರೆ ಮಗೂನೇ ಬಂದುಬಿಡಬಹುದು!"

"ಹಾಗಾದ್ರೆ ಹಾಲು ಕುಡಿಸೋವರೆಗೂ ಏನೂ ಆಗಲ್ಲ ಅಂತ ಅಮ್ಮ ಹೇಳಿದ್ದು ಸುಳ್ಳಾ?" ಎಂದ ಅವನು.

"ಪೂರ್ತಿ ಸುಳ್ಳಲ್ಲ. ಮಗುವಿಗೆ ಆರು ತಿಂಗಳು ತುಂಬೋವರೆಗೆ, ಹಗಲೂ ರಾತ್ರಿ ಬರೀ ಎದೆಹಾಲೇ ಕೊಡ್ತಾ, ಮುಟ್ಟೂ ಬರದೇ ಇದ್ರೆ ಬಸಿರಾಗೋದು ತೀರಾ ಕಡಿಮೆ. ನಿಮ್ಮ ಮಗನಿಗೆಷ್ಟು?"

"ಒಂಬತ್ತು ತಿಂಗಳು. ಬಿಸ್ಕತ್ತಿನ ಡಬ್ಬಾನೇ ಖಾಲಿ ಮಾಡ್ತಾನೆ," ಎಂದಳು ಅವಳು.

ಗಂಡನ ಕಿವಿ ಕೆಂಪಾಯಿತು. "ನಾನು ಕೊನೇಲಿ ಹೊರಗೆ ತಗೊಂಡುಬಿಡ್ತೀನಿ ಮೇಡಂ."

ನರ್ಸ್ ನಗಲಿಲ್ಲ. "ಅದನ್ನ ನೆಚ್ಚಿಕೊಳ್ಳೋಕಾಗಲ್ಲ. ಮುಂಚೆ ಬರೋ ಹನಿಯಲ್ಲೂ ವೀರ್ಯಾಣು ಇರಬಹುದು. ಪ್ರತಿ ಸಲ, ಶುರುವಿಂದಲೇ ಕಾಂಡೋಮ್ ಹಾಕ್ಕೊಳ್ಳಿ. ಬಸಿರಿಲ್ಲ ಅಂತ ಖಾತ್ರಿಯಾದ್ಮೇಲೆ ಗರ್ಭಕೋಶದೊಳಗೆ ಕಾಪರ್-ಟಿ ಹಾಕಿಸ್ಬಹುದು. ಮಗು ಬೇಕೆನಿಸಿದಾಗ ತೆಗೆಸಿದ್ರಾಯ್ತು. ಹಾಲೂಡಿಸೋರಿಗೆ ಹೊಂದೋ ಮಾತ್ರೆ, ಇಂಜೆಕ್ಷನ್ನೂ ಇದೆ."

ಆ ಮೂರು ವಾರ ಅವಳಿಗೆ ಮೂರು ವರ್ಷವಾಯಿತು. ಒಂದು ಬೆಳಿಗ್ಗೆ ಗಂಡ ಮೆಲ್ಲಗೆ ಹೇಳಿದ. "ನಿಂಗೇನಾದ್ರೂ ಆಗಿಬಿಟ್ರೆ ಅಂತ ನಂಗೂ ಭಯ ಆಗ್ತಿದೆ ಕಣೆ. ಅಮ್ಮನಿಗೂ ಎಲ್ಲಾ ಬಿಡಿಸಿ ಹೇಳ್ದೆ."

"ಬೈದ್ರಾ ಅತ್ತೆ?"

"ಇಲ್ಲ. 'ನಮ್ಮ ಕಾಲದಲ್ಲಿ ಇದನ್ನೆಲ್ಲಾ ಹೇಳೋರು ಯಾರಿದ್ರಪ್ಪಾ' ಅಂದ್ಳು."

ಎರಡನೇ ಸಲ ಪರೀಕ್ಷೆಗೆ ಹೋದಾಗ ಅತ್ತೆಯೇ ಮಗುವನ್ನೆತ್ತಿಕೊಂಡು ಜೊತೆಗೆ ಬಂದರು. ಗಂಡ ಯಾರೂ ಕರೆಯದೆ ಒಳಗೆ ಬಂದ. ಮತ್ತೆ ಒಂದೇ ಗೆರೆ. ಅವಳು ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಂದೇ ಕಾಪರ್-ಟಿ ಹಾಕಿಸಿಕೊಂಡಳು.

ಅವಳ ಭಯ ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಹೀಗೆ ಮುಗಿಯುವುದಿಲ್ಲ. ತಾಯಂದಿರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಎಳೆಯ ಮಗುವಿದ್ದರೆ ಮುಟ್ಟಿಗಾಗಿ ಕಾಯಬೇಡಿ. ಈ ವಾರವೇ ಇಬ್ಬರೂ ಜೊತೆಯಾಗಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನಿಮಗೆ ಯಾವುದು ಹೊಂದುತ್ತದೆ ಎಂದು ಕೇಳಿ. ನಾಚಿಕೊಂಡು ಗೇಟಿನಲ್ಲೇ ನಿಲ್ಲಬೇಡಿ, ಒಳಗೆ ಹೋಗಿ.