ನಂಜಪ್ಪನವರ ಮನೆಯಲ್ಲಿ ಐದರಿಂದ ಏಳರವರೆಗೆ ಕನ್ನಡ ಬಂದ್

ಡಿಸೆಂಬರ್ ತಿಂಗಳ ಮೊದಲ ಸೋಮವಾರ, ಸಂಜೆ ಐದು ಗಂಟೆಗೆ ಸರಿಯಾಗಿ, ನಂಜಪ್ಪನವರ ಮನೆಯಲ್ಲಿ ಕನ್ನಡವನ್ನು ನಿಷೇಧಿಸಲಾಯಿತು. ನಿಷೇಧ ದಿನವೂ ಐದರಿಂದ ಏಳರವರೆಗೆ. ನಡುಮನೆ, ಅಡುಗೆಮನೆ, ಜಗಲಿ, ಹಿತ್ತಲು ಎಲ್ಲಕ್ಕೂ ಅನ್ವಯ. ಕೊಟ್ಟಿಗೆಗೆ ಮಾತ್ರ ವಿನಾಯಿತಿ, ಏಕೆಂದರೆ ಹಸುವಿಗೆ ಇಂಗ್ಲಿಷ್ ಬರುವುದಿಲ್ಲ. ಮನೆಯವರಿಗೂ ಅಷ್ಟಾಗಿ ಬರುವುದಿಲ್ಲ ಎಂಬ ವಿಷಯ ಚರ್ಚೆಗೆ ಬರಲಿಲ್ಲ.

ಇಷ್ಟು ದೊಡ್ಡ ಕ್ರಮ ಸುಮ್ಮನೆ ಜಾರಿಗೆ ಬಂದದ್ದಲ್ಲ. ನಂಜಪ್ಪನವರ ಮೊಮ್ಮಗಳು ಧನ್ಯಾ ವ್ಯಾನಿನಲ್ಲಿ ಹೋಗಿ ಬರುವ ಇಂಗ್ಲಿಷ್ ಶಾಲೆಯಲ್ಲಿ ಎರಡನೇ ತರಗತಿ. ಮಗ ಅನಿಲ್‌ಕುಮಾರ್ ಚನ್ನರಾಯಪಟ್ಟಣದ ಗೊಬ್ಬರದ ಅಂಗಡಿಯಲ್ಲಿ, ಸೊಸೆ ದೀಪಶ್ರೀ ಹಾಸನದ ಗಾರ್ಮೆಂಟ್ಸಿನಲ್ಲಿ. ಇಬ್ಬರಿಗೂ ರಜೆ ಸಿಗದೆ, ಪೋಷಕರ ಸಭೆಗೆ ನಂಜಪ್ಪನವರೇ ಇಸ್ತ್ರಿ ಪಂಚೆ ಉಟ್ಟು ಹೋಗಿದ್ದರು. ಅಲ್ಲಿನ ಟೀಚರು, "ಮನೇಲೂ ಒಂದ್ ಸ್ವಲ್ಪ ಇಂಗ್ಲಿಷ್ ಬಳಸಿ ತಾತ, ರೂಢಿ ಆಗುತ್ತೆ" ಎಂದರು. ಸ್ವಲ್ಪ ಎನ್ನುವುದು ನಂಜಪ್ಪನವರ ಜಾಯಮಾನಕ್ಕೆ ಒಗ್ಗಿದ್ದಲ್ಲ. ಶಾಂತಿಗ್ರಾಮದಿಂದ ಮೂರು ಕಿಲೋಮೀಟರ್ ಒಳಗಿರುವ ತಮ್ಮೂರಿನ ಹಾಲಿನ ಡೇರಿಗೆ ಅವರು ಇಪ್ಪತ್ತಾರು ವರ್ಷ ಸೆಕ್ರೆಟರಿ ಆಗಿದ್ದವರು. ಸ್ವಂತ ಹೆಂಡತಿ ತಂದ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟು, ನೀರು ಬೆರೆತಿದೆಯೇ ಎಂದು ನೋಡಿದವರು. ಸುಬ್ಬಮ್ಮ ಅದನ್ನು ಇನ್ನೂ ಮರೆತಿಲ್ಲ.

ಡೇರಿಯಿಂದ ನಿವೃತ್ತರಾಗುವಾಗ ತಂದಿಟ್ಟುಕೊಂಡಿದ್ದ ಕರಿಹಲಗೆಯನ್ನು ಅವರು ಅಟ್ಟದಿಂದ ಇಳಿಸಿದರು. 'ಇಂಗ್ಲಿಷ್ ಓನ್ಲಿ, ಐದರಿಂದ ಏಳು' ಎಂದು ಬರೆದು ನಡುಮನೆಯಲ್ಲಿ, ಗಡಿಯಾರದ ಪಕ್ಕದಲ್ಲೇ ನೇತುಹಾಕಿದರು.

ಮೊದಲ ದಿನ ಸುಬ್ಬಮ್ಮ ತಮ್ಮ ಬಳಿಯಿದ್ದ ಇಂಗ್ಲಿಷನ್ನೆಲ್ಲ ಲೆಕ್ಕ ಹಾಕಿಕೊಂಡರು. ಗ್ಯಾಸು, ಕರೆಂಟು, ಮಿಕ್ಸಿ, ಬಸ್ಸು, ಟಿಕೆಟ್ಟು, ಮಾತ್ರೆಗೆ ಟ್ಯಾಬ್ಲೆಟ್ಟು. ಸಂಸಾರ ನಡೆಸಲು ಸಾಕೆನಿಸಿತು.

"ಗ್ಯಾಸ್ ಫಿನಿಶ್," ಎಂದರು ಅಡುಗೆಮನೆಯಿಂದ.

"ವೆರಿ ಗುಡ್," ಎಂದರು ನಂಜಪ್ಪ ನಡುಮನೆಯಿಂದ.

ಎರಡನೆಯ ದಿನದಿಂದ ಸುಬ್ಬಮ್ಮ ಐದಕ್ಕೆ ಸರಿಯಾಗಿ ಕೊಟ್ಟಿಗೆ ಸೇರಿಕೊಳ್ಳತೊಡಗಿದರು. "ಏನ್ ಮಾಡಾದವ್ವಾ ಕೆಂಪಿ, ಅರವತ್ತೆಂಟಕ್ಕೆ ಅರಳು ಮರಳು ಅಂದ್ರೆ ಇದೆಯಾ. ನಿಂಗೂ ಒಬ್ಬ ಗಂಡ ಅಂತ ಇದ್ದಿದ್ರೆ ಗೊತ್ತಾಗದು," ಎಂದು ಹಸುವಿಗೆ ಹೇಳುತ್ತಿದ್ದರು. ಕಿಟಕಿಯ ಆಚೆ ಕೂತ ನಂಜಪ್ಪನವರಿಗೆ ಎಲ್ಲವೂ ಕೇಳಿಸುತ್ತಿತ್ತು. ವಿನಾಯಿತಿ ಕೊಟ್ಟವರು ತಾವೇ ಆದ್ದರಿಂದ ಏನೂ ಮಾಡುವಂತಿರಲಿಲ್ಲ. ಆರೂವರೆಗೆ ಬರುವ ಸೊಸೆ ದೀಪಶ್ರೀ ಹೊಸಿಲು ದಾಟದೆ, ಬೇಲಿಯಾಚೆಯ ರಸ್ತೆಯಲ್ಲೇ ಫೋನಿನಲ್ಲಿ ಮಾತಾಡಿಕೊಂಡು ಏಳರವರೆಗೆ ತಳ್ಳುತ್ತಿದ್ದಳು. ಅನಿಲ್‌ಕುಮಾರ್ ಬರುವುದು ಎಂಟಕ್ಕೆ. ನಿಯಮ ಬಹಳ ಒಳ್ಳೆಯದು ಎಂದು ಅವನು ಮನಸಾರೆ ಒಪ್ಪಿದ.

ಉಳಿದವಳು ಧನ್ಯಾ. ಈ ಹುಡುಗಿ ವ್ಯಾನಿನಿಂದ ಇಳಿದರೆ ಕಾಲಿಗಿಂತ ಮೊದಲು ಬಾಯಿ ಮನೆ ಸೇರುತ್ತಿತ್ತು. ಯಾರು ಯಾರ ಪೆನ್ಸಿಲ್ ಕಚ್ಚಿದರು, ಡ್ರೈವರ್ ಶಿವರಾಜು ಯಾರಿಗೆ ಬೈದ, ಎಲ್ಲ ವರದಿ ತಾತನಿಗೆ ಒಪ್ಪಿಸಬೇಕು. ಈಗ ಅವಳು ಬ್ಯಾಗು ಇಟ್ಟು, ಹಲಗೆ ನೋಡಿ, ತಾತನೆದುರು ಚಾಪೆಯ ಮೇಲೆ ಕೂರುತ್ತಿದ್ದಳು. ಕೇಳಿದ್ದಕ್ಕೆ ಯಸ್ ಅಥವಾ ನೋ. ಮಗುವಿಗೆ ಶಿಸ್ತು ಬಂತೆಂದು ನಂಜಪ್ಪನವರಿಗೆ ಹಿಗ್ಗು. ಮನೆಗೆ ಯಾರು ಬಂದರೂ ಕಾಫಿಯ ಜೊತೆಗೆ ಹಸುವಿನ ಪಾಠವೂ ಬರುತ್ತಿತ್ತು. ಧನ್ಯಾ ಕೈಕಟ್ಟಿ ನಿಂತು ಒಂದುಸಿರಿಗೆ ಒಪ್ಪಿಸುವಳು. ಬಂದವರು ಕಾಫಿ ಕುಡಿದು, ತಲೆದೂಗಿ ಹೋಗುವರು.

ಬುಧವಾರ ಅವಳು ತಾನಾಗಿಯೇ ತಾತನ ಹತ್ತಿರ ಬಂದಳು. ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

"ಇಯರ್," ಎಂದಳು.

ಕೇಳದೆಯೇ ಉತ್ತರ ಬಂದದ್ದಕ್ಕೆ ನಂಜಪ್ಪ ಅರಳಿದರು. "ವೆರಿ ಗುಡ್. ನೋಸ್?"

ಧನ್ಯಾ ಮೂಗು ಮುಟ್ಟಿ ತೋರಿಸಿ, ಹೋಗಿ ಚಾಪೆಯ ಮೇಲೆ ಮಲಗಿದಳು.

ಶುಕ್ರವಾರ ಸುಬ್ಬಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗಿದ್ದರು. ಅಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲದ ಕಾರಣ ಸಭೆ ಮುಗಿದ ಮೇಲೂ ಕೂತೇ ಇದ್ದರು. ಐದೂಕಾಲರ ಹೊತ್ತಿಗೆ ಕಾಲು ತೊಳೆಯಲು ಹಿತ್ತಲಿಗೆ ಹೋದ ಧನ್ಯಾ, ಹೋದಷ್ಟೇ ಬೇಗ ಓಡಿ ಬಂದಳು.

"ತಾತ, ದ ಕೌ."

"ಯಸ್," ಎಂದರು ನಂಜಪ್ಪ.

ಧನ್ಯಾ ಹಲಗೆ ನೋಡಿದಳು. ಹಸುವಿನ ಬಗ್ಗೆ ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಒಂದು ಪುಟ. ಅದನ್ನೇ ತೆಗೆದಳು.

"ದ ಕೌ ಈಸ್ ಎ ಡೊಮೆಸ್ಟಿಕ್ ಅನಿಮಲ್."

"ಗುಡ್."

"ದ ಕೌ ಹ್ಯಾಸ್ ಫೋರ್ ಲೆಗ್ಸ್." ಕೈ ಹಿತ್ತಲ ಕಡೆ ಚಾಚಿತ್ತು.

"ವೆರಿ ಗುಡ್."

"ದ ಕೌ ಈಟ್ಸ್ ಗ್ರಾಸ್. ತಾತ, ಈಟ್ಸ್. ಈಟ್ಸ್." ಅವಳು ಅವರ ಪಂಚೆ ಹಿಡಿದು ಜಗ್ಗಿದಳು.

ಈ ಸಲ ಅಭಿನಯವನ್ನೂ ಕಲಿಸಿದ್ದಾರೆ, ಕೊಟ್ಟ ಫೀಸಿಗೆ ಮೋಸವಿಲ್ಲ ಎಂದುಕೊಂಡ ನಂಜಪ್ಪ, ಡಬ್ಬಿಯಿಂದ ಎರಡು ಬಿಸ್ಕತ್ತು ತೆಗೆದು ಕೊಟ್ಟರು. ಧನ್ಯಾ ಬಿಸ್ಕತ್ತು ಹಿಡಿದುಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು. ಮೂರನೆಯ ಸಲ ನಾಲ್ಕು ಕಾಲಿನ ತನಕ ಬಂದಾಗ ಹೊರಗಿನಿಂದ ಪಕ್ಕದ ಮನೆಯ ಗಿಡ್ಡಯ್ಯನ ದನಿ ಕೇಳಿತು. ಅವನ ಕೈಯಲ್ಲಿ ಹಗ್ಗವಿತ್ತು. ಹಗ್ಗದ ತುದಿಯಲ್ಲಿ, ಬಾಯಿಂದ ಒಂದು ಬಳ್ಳಿ ಇಳಿಬಿಟ್ಟುಕೊಂಡು, ಕೆಂಪಿ ಇತ್ತು.

"ಗೌಡ್ರೇ, ನಿಮ್ಮ ಅಸ ನಮ್ಮ ಅವರೆ ವಲದಲ್ಲಿ ಅಬ್ಬ ಮಾಡ್ಕಂಡದೆ. ಮೂರ್ ಸಾಲು. ಕಾಯಿ, ಊವು ಏನೂ ಬುಟ್ಟಿಲ್ಲ ಕಣ್ರಿ. ಸೋಮವಾರದ ಸಂತೆಗೆ ಅಂತ ಇಟ್ಕಂಡಿದ್ದೆ."

ನಂಜಪ್ಪ ಗಡಿಯಾರ ನೋಡಿದರು. ಐದು ನಲವತ್ತು. ನಿಯಮ ಮಾಡಿದವನೇ ಮುರಿಯುವಂತಿಲ್ಲ.

"ಸಾರಿ," ಎಂದರು.

"ಸಾರಿ ಅಂದ್ರೆ ಕಾಯಿ ಬುಡ್ತದಾ? ಏನಾರಾ ಮಾತಾಡಿ."

"ವೆರಿ ಸಾರಿ."

ಗಿಡ್ಡಯ್ಯ ಗಾಬರಿಯಾಗಿ ಮಗುವಿನ ಕಡೆ ತಿರುಗಿದ. "ಮಗ, ನಿಮ್ ತಾತಂಗೆ ಉಸಾರಿಲ್ವಾ?"

ಧನ್ಯಾ ಅಳತೊಡಗಿದಳು. ಅಳುವುದಕ್ಕೆ ಯಾವ ಭಾಷೆಯ ನಿರ್ಬಂಧವೂ ಇರಲಿಲ್ಲ. ಮೊಮ್ಮಗಳ ಕಣ್ಣಲ್ಲಿ ನೀರು ಕಂಡದ್ದೇ ನಂಜಪ್ಪನವರು ಐದು ದಿನದ ಕಟ್ಟಳೆಯನ್ನು ಮುರಿದರು.

"ಅಸ ಬಿಚ್ಕಂಡಿದ್ದ ನೀನು ನೋಡ್ದೇನವ್ವಾ? ನೋಡಿದ್ರೆ ಯೋಳದಲ್ವಾ?"

"ಯೋಳ್ದೆ ತಾತ," ಎಂದಳು ಧನ್ಯಾ ಬಿಕ್ಕುತ್ತ. "ಮೂರ್ ಸಲ ಯೋಳ್ದೆ. ನೀನು ಬಿಸ್ಕತ್ ಕೊಟ್ಟೆ."

ಗಿಡ್ಡಯ್ಯ ಹಲಗೆಯನ್ನು ನೋಡಿದ, ಮಗುವನ್ನು ನೋಡಿದ, ಬಿಸ್ಕತ್ತನ್ನೂ ನೋಡಿದ. ಅವನಿಗೆ ವಿಷಯ ಅರ್ಥವಾಗತೊಡಗಿತು. ಅವರೆಕಾಯಿಯ ಸಿಟ್ಟು ಎಲ್ಲೋ ಹೋಗಿ, ನಗುವನ್ನು ಟವಲಿನಲ್ಲಿ ಮುಚ್ಚಿಕೊಂಡ.

"ಕಿವಿ ನೋವೂ ಯೋಳ್ದೆ," ಎಂದಳು ಧನ್ಯಾ. "ನಿಂಗೆ ಯೋಳಿದ್ನಲ್ಲ ಅಂತ ಅಮ್ಮಂಗೆ ಯೋಳ್ಲಿಲ್ಲ. ಬುಧವಾರ ಇಯರ್ ಅಂದೆ. ನೀನು ನೋಸ್ ಅಂದೆ."

ಗಿಡ್ಡಯ್ಯ ಟವಲು ತೆಗೆದ. ನಂಜಪ್ಪನವರು ಮಗುವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಎಡಗಿವಿ ಕೆಂಪಗೆ ಊದಿತ್ತು. ಹಣೆ ಬೆಚ್ಚಗಿತ್ತು. ಇಪ್ಪತ್ತಾರು ವರ್ಷ ಒಂದು ಲೋಟ ನೀರನ್ನು ಹತ್ತು ಲೀಟರ್ ಹಾಲಿನಲ್ಲಿ ಕಂಡುಹಿಡಿಯುತ್ತಿದ್ದ ಕಣ್ಣು ಇದನ್ನು ಎರಡು ದಿನ ಎದುರಿಗಿಟ್ಟುಕೊಂಡೂ ಕಂಡಿರಲಿಲ್ಲ.

ಗಿಡ್ಡಯ್ಯನ ಸೊಸೆ ಭಾಗ್ಯಲಕ್ಷ್ಮಿ ಊರಿನ ಸರ್ಕಾರಿ ಶಾಲೆಯ ಟೀಚರು. ಅವಳ ಸ್ಕೂಟರಿನ ಹಿಂದೆ ಕೂತು ತಾತ, ಮೊಮ್ಮಗಳು ಶಾಂತಿಗ್ರಾಮದ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕಿವಿಗೆ ಟಾರ್ಚು ಬಿಟ್ಟು, "ಇನ್ನೆರಡು ದಿನ ಹೋಗಿದ್ರೆ ಕೀವಾಗ್ತಿತ್ತು. ಮಗು ಹೇಳ್ಲಿಲ್ವಾ?" ಎಂದು ಕೇಳಿದರು.

"ಯೋಳ್ತು ಸಾ," ಎಂದರು ನಂಜಪ್ಪ.

ಮಾರನೆಯ ದಿನ ಶನಿವಾರ. ಸಂಜೆ ಮಗುವನ್ನು ನೋಡಲು ಭಾಗ್ಯಲಕ್ಷ್ಮಿ ಬಂದಳು. ಹಲಗೆ ಇನ್ನೂ ಗೋಡೆಯ ಮೇಲೇ ಇತ್ತು. ನಂಜಪ್ಪನವರು ಸೋತಿದ್ದರು, ಆದರೆ ಒಪ್ಪಿರಲಿಲ್ಲ.

"ನಿಮ್ ಸ್ಕೂಲಲ್ಲಿ ಮಕ್ಳು ಕಮ್ಮಿ ಅಂತ ಕರ್ಯಕೆ ಬಂದೇನವ್ವಾ?" ಎಂದರು.

"ಇಲ್ಲ ಗೌಡ್ರೇ. ಅವಳು ಎಲ್ಲಿ ಓದ್ತಾ ಇದ್ದಾಳೋ ಅಲ್ಲೇ ಓದ್ಲಿ. ಇಂಗ್ಲಿಷ್ ಬೇಡ ಅಂತ ನಾನೂ ಅನ್ನಲ್ಲ. ಬೇಕೇ ಬೇಕು. ನಮ್ ಮಕ್ಕಳಿಗೂ ಕಲಿಸ್ತೀನಿ."

"ಮತ್ತೆ? ಮನೇಲಿ ಕನ್ನಡ ಮಾತಾಡಿದ್ರೆ ಇಂಗ್ಲಿಷ್ ಎಂಗವ್ವಾ ಬತ್ತದೆ? ಒಂದ್ ಒರೇಲಿ ಎರಡು ಕತ್ತಿ ಇಕ್ಕಕಾಯ್ತದಾ?"

"ಮಗು ತಲೆ ಒರೆ ಅಲ್ಲ ಗೌಡ್ರೇ. ಅದಿರ್ಲಿ, ಈ ಹಲಗೆ ಯಾಕೆ ಕನ್ನಡ ಅಕ್ಷರದಲ್ಲಿ ಬರೆದಿದ್ದೀರಿ?"

"ಇನ್ನೇನು ಇಂಗ್ಲಿಷಲ್ಲಿ ಬರೀಲಾ? ಮನೆಯೋರ್ಗೆ ಅರ್ಥ ಆಗಬ್ಯಾಡ್ವಾ?"

ಕೊಟ್ಟಿಗೆಯ ಕಡೆಯಿಂದ ಸುಬ್ಬಮ್ಮನ ಕೆಮ್ಮು ಕೇಳಿಸಿತು.

"ನಾನು ಹೇಳಕ್ಕೆ ಬಂದಿದ್ದೂ ಅಷ್ಟೇ," ಎಂದಳು ಭಾಗ್ಯಲಕ್ಷ್ಮಿ.

ನಂಜಪ್ಪ ಹಲಗೆಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆದರೂ ಡೇರಿ ಸೆಕ್ರೆಟರಿ, ಒಂದೇ ಮಾತಿಗೆ ಬಗ್ಗುವವರಲ್ಲ. "ಹಸಿನ ಪಾಠ ಒಂದ್ ಅಕ್ಷರ ತಪ್ಪದಂಗೆ ಯೋಳ್ತಾಳೆ, ಗೊತ್ತಾ?"

"ಗೊತ್ತು. ನೀವು ಡೇರೀಲಿ ಇದ್ದಾಗ ಹಾಲು ಎಷ್ಟು ಲೀಟರ್ ಅಂತ ಮಾತ್ರ ನೋಡಿ ತಗೋತಿದ್ರಾ?"

"ಎಲ್ಲಾದ್ರೂ ಉಂಟಾ? ಲ್ಯಾಕ್ಟೋಮೀಟರ್ ಬುಡ್ದೆ ಒಂದ್ ತಟಕೂ ತಗಂಡೋನಲ್ಲ."

"ನನ್ನ ಆಲಿಗೂ ಬುಟ್ರು," ಎಂದಿತು ಕೊಟ್ಟಿಗೆ.

"ಹಂಗಾದ್ರೆ ಇದಕ್ಕೂ ಬಿಟ್ಟು ನೋಡಣ," ಎಂದು ಭಾಗ್ಯಲಕ್ಷ್ಮಿ ಮಗುವನ್ನು ಕರೆದಳು. "ಧನ್ಯಾ, ಡೊಮೆಸ್ಟಿಕ್ ಅಂದ್ರೆ ಏನು ಪುಟ್ಟಿ?"

ಧನ್ಯಾ ಯೋಚಿಸಿದಳು. "ಮೊದಲ್ನೇ ಲೈನು," ಎಂದಳು.

ನಂಜಪ್ಪನವರ ಮುಖ, ನೀರು ಬೆರೆತ ಹಾಲಿನ ಕ್ಯಾನು ಕಂಡಾಗ ಆಗುತ್ತಿದ್ದ ಹಾಗಾಯಿತು.

"ಮನೇಲಿ ಮೇವು ಹಾಕಿ, ನೀರು ಕುಡಿಸಿ ಸಾಕ್ತೀವಲ್ಲ, ಅಂಥ ಪ್ರಾಣಿಗೆ ಡೊಮೆಸ್ಟಿಕ್ ಅನ್ನೋದು," ಎಂದಳು ಭಾಗ್ಯಲಕ್ಷ್ಮಿ.

ಧನ್ಯಾಳ ಕಣ್ಣು ಅರಳಿತು. ಐದು ದಿನದಿಂದ ಬೀಗ ಹಾಕಿದ್ದ ಬಾಯಿ ಬಿಚ್ಚಿಕೊಂಡಿತು. "ಅಂಗಾರೆ ಕೋಳೀನೂ ಡೊಮೆಸ್ಟಿಕ್ಕಾ ಮಿಸ್? ಬೆಕ್ಕು? ತೆಂಗಿನ ಮರಕ್ಕೆ ಬತ್ತದಲ್ಲ ಕೋತಿ, ಅದು ಅಲ್ಲ ಅಲ್ವಾ? ಅದನ್ನ ಯಾರೂ ಸಾಕಿಲ್ಲ, ಅದೇ ಬತ್ತದೆ. ತಾತ? ತಾತ ಡೊಮೆಸ್ಟಿಕ್ಕಾ?"

ಈಗ ಸುಬ್ಬಮ್ಮ ಕೊಟ್ಟಿಗೆ ಬಿಟ್ಟು ಬಾಗಿಲಿಗೇ ಬಂದರು. "ಇನ್ನೂ ಆಗಿಲ್ಲ ಕಣ್ ಮಗ. ನಲವತ್ತೈದು ವರ್ಸದಿಂದ ನೋಡ್ತಾ ಇವ್ನಿ."

"ಒಂದ್ ಪದದ ಅರ್ಥ ನಮ್ ಮಾತಲ್ಲಿ ತಿಳಿದಿದ್ದಕ್ಕೆ ನಾಲ್ಕು ಪ್ರಶ್ನೆ ಬಂತು ನೋಡಿ ಗೌಡ್ರೇ," ಎಂದಳು ಭಾಗ್ಯಲಕ್ಷ್ಮಿ. "ಇನ್ನು ಆ ಪದ ಅವಳದ್ದು, ಮರೆಯಲ್ಲ. ಬಾಯಿಪಾಠ ಪರೀಕ್ಷೆ ಮುಗಿದ ದಿನವೇ ಹೋಗುತ್ತೆ. ಹೆಪ್ಪು ಹಾಕ್ದೆ ಹಾಲು ಮೊಸರಾಗುತ್ತಾ? ಮನೆ ಮಾತೇ ಹೆಪ್ಪು. ಅದು ಗಟ್ಟಿ ಇದ್ರೆ ಇಂಗ್ಲಿಷ್ ಏನು, ಇನ್ನೆರಡು ಭಾಷೇನೂ ನಿಲ್ಲುತ್ತೆ."

"ಅಂಗಾರೆ ನಾನೇನ್ ಮಾಡ್ಲಿ? ನಂಗೆ ಇಂಗ್ಲಿಷ್ ಬರಲ್ಲ," ಎಂದರು ನಂಜಪ್ಪ. ಹಾಗೆಂದು ಅವರು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು.

"ಕನ್ನಡ ಬರುತ್ತಲ್ಲ. ಇವತ್ತು ಏನ್ ಕಲಿತೆ ಅಂತ ಕೇಳಿ. ಅವಳು ನಮ್ಮ ಮಾತಲ್ಲೇ ಹೇಳ್ಲಿ. ಹೇಳಕ್ಕೆ ಬರದಿದ್ರೆ ಪಾಠ ಅರ್ಥ ಆಗಿಲ್ಲ ಅಂತ. ನಾಳೆ ಅವರ ಟೀಚರನ್ನೇ ಕೇಳು ಅಂತ ಕಳಿಸಿ, ಅವರೂ ಬೇಡ ಅನ್ನಲ್ಲ. ಪಂಚಾಯ್ತಿ ಲೈಬ್ರರಿಯಿಂದ ಒಂದ್ ಕತೆ ಪುಸ್ತಕ ತಂದು ಓದಿಸಿ. ಅಷ್ಟು ಮಾಡಿದ್ರೆ ನೀವೇ ಅವಳ ಲ್ಯಾಕ್ಟೋಮೀಟರ್."

ಈ ಕೊನೆಯ ಮಾತು ನಂಜಪ್ಪನವರಿಗೆ ಹಿಡಿಸಿತು. ಹುದ್ದೆಯೊಂದು ಮರಳಿ ಸಿಕ್ಕಿದವರಂತೆ ಎದ್ದು, ಕುರ್ಚಿ ಹತ್ತಿ, ಹಲಗೆ ಇಳಿಸಿದರು.

ಓದುಗರೇ, ನಿಮ್ಮ ಗೋಡೆಯ ಮೇಲೆ ಇಂಥ ಹಲಗೆ ಇಲ್ಲದಿರಬಹುದು. ಆದರೆ 'ಕನ್ನಡ ಮಾತಾಡಬೇಡ, ಇಂಗ್ಲಿಷ್ ಕೆಡುತ್ತೆ' ಎಂಬ ಮಾತು ನಿಮ್ಮ ಮನೆಯಲ್ಲೂ ಒಮ್ಮೆ ಬಂದು ಹೋಗಿರಬಹುದು. ಬಂದಿದ್ದರೆ ಇಂದೇ ಅದನ್ನು ಕೆಳಗಿಳಿಸಿ. ಮಗು ಶಾಲೆಯಿಂದ ಬಂದಾಗ, ಅದಕ್ಕೆ ಹುಟ್ಟಿನಿಂದ ಬಂದ ಮಾತಿನಲ್ಲಿ, ಅದು ಕನ್ನಡವಿರಲಿ, ತೆಲುಗಿರಲಿ, ಉರ್ದುವಿರಲಿ, ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿ. ಎಷ್ಟು ಬಾಯಿಪಾಠ ಬಂತು ಎಂದಲ್ಲ, ಏನು ತಿಳಿಯಿತು ಎಂದು ಕೇಳಿ. ನಿಮಗೆ ಇಂಗ್ಲಿಷ್ ಬರದಿದ್ದರೆ ನಾಚಿಕೆ ಬೇಡ. ಕಿವಿ ಕೊಟ್ಟರೆ ಸಾಕು. ಪಾಠ ಅರ್ಥವಾದ ಮಗು ಇಂಗ್ಲಿಷನ್ನೂ ಕಲಿಯುತ್ತದೆ, ತನ್ನ ನೋವನ್ನೂ ಹೇಳಿಕೊಳ್ಳುತ್ತದೆ.

ಧನ್ಯಾಳ ಕಿವಿ ವಾಸಿಯಾಗಿದೆ. ಹಲಗೆಯನ್ನು ಗಿಡ್ಡಯ್ಯನ ಅವರೆ ಹೊಲದ ಬೇಲಿಯ ಕಂಡಿಗೆ ಅಡ್ಡ ಕಟ್ಟಲಾಗಿದೆ. ಕೆಂಪಿ ಆಮೇಲೆ ಆ ಕಡೆ ಹೋಗಿಲ್ಲ.